ಪೋರ್ಟೊದಲ್ಲಿ ಗಂಗೊಳ್ಳಿಯ ಏಳು ಬೋಟು

ಹೊರಟದ್ದು

ವಿಮಾನದಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಏನು ಓದಲು ಹೋಗುತ್ತಿದ್ದೀರಿ ಎಂದು ಕೇಳಿದರು. ಕ್ವಾಂಟಂ ಕಂಪ್ಯೂಟಿಂಗ್ ಎಂದು ಹೇಳಿ ನಾನು ಕಿಟಕಿಯ ಕಡೆ ತಿರುಗಿಬಿಟ್ಟೆ. ಆ ಎರಡು ಪದ ಬಿಟ್ಟರೆ ಆ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಬಹಳ ಕಡಿಮೆ.

ನನಗೆ ನಲವತ್ತಮೂರು. ಮನೆ ಗಂಗೊಳ್ಳಿ, ಕೆಲಸ ಬ್ರಹ್ಮಾವರದ ಒಂದು ಕಾಲೇಜಿನಲ್ಲಿ. ಹದಿನೆಂಟು ವರ್ಷದಿಂದ ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿದ್ದೇನೆ. ಹೊಸ ವಿಷಯವಾಗಿ ಕ್ವಾಂಟಂ ಶುರು ಮಾಡಬೇಕೆಂಬ ಮಾತು ಕಾಲೇಜಿನಲ್ಲಿ ಬಂದಾಗ ಎಲ್ಲರೂ ಒಳ್ಳೆಯದು ಎಂದರು, ಕಲಿಸುವವರು ಯಾರು ಎಂದಾಗ ಎಲ್ಲರೂ ಚಹಾದ ಲೋಟ ನೋಡಿದರು. ನಾನು ಕಲಿತು ಬರುತ್ತೇನೆ ಎಂದು ಬಾಯಿ ಬಿಟ್ಟದ್ದು ಆಗಲೇ. ಪೋರ್ಚುಗಲ್ಲಿನ ಪೋರ್ಟೊ ನಗರದ ಒಂದು ವಿಶ್ವವಿದ್ಯಾಲಯದಲ್ಲಿ ಬೇಸಿಗೆಯ ಮೂರು ವಾರಗಳ ಕೋರ್ಸ್ ಇತ್ತು. ಅರ್ಜಿ ಹಾಕಿದೆ, ಸಿಕ್ಕಿಯೂ ಬಿಟ್ಟಿತು.

ಅಲ್ಲಿ ಪರೀಕ್ಷೆ ಇಲ್ಲ. ಮೂವರ ಗುಂಪು ಮಾಡುತ್ತಾರೆ. ಗುಂಪು ತನ್ನದೇ ಸಮಸ್ಯೆ ಆರಿಸಿಕೊಂಡು ಪ್ರೋಗ್ರಾಂ ಬರೆಯಬೇಕು, ಕೊನೆಯ ದಿನ ಎಲ್ಲರ ಎದುರು ಅದನ್ನು ನಿಜವಾದ ಕ್ವಾಂಟಂ ಯಂತ್ರದ ಮೇಲೆ ಓಡಿಸಿ ತೋರಿಸಬೇಕು. ಓಡಿದರೆ ಉತ್ತೀರ್ಣ, ಇಲ್ಲದಿದ್ದರೆ ಹಾಜರಾಗಿದ್ದರು ಎಂಬ ಒಂದು ಕಾಗದ. ಹಾಜರಿ ಕಾಗದ ತಂದರೆ ವಿಷಯ ಈ ವರ್ಷ ಶುರುವಾಗುವುದಿಲ್ಲ ಎಂದು ನಮ್ಮ ಪ್ರಾಂಶುಪಾಲರು ನಗುತ್ತಲೇ ಹೇಳಿದ್ದರು. ಆದರೆ ಹೇಳಿದ್ದರು.

ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ನನ್ನನ್ನೂ ಅಣ್ಣನನ್ನೂ ಓದಿಸಿದವಳು. ಹೊರಡುವ ದಿನ ಅವಳು ಅಂಗಳದಲ್ಲಿ ನಿಂತು ಹೇಳಿದ್ದು ಇಷ್ಟೇ: "ಹುಷಾರಾಯಿ ಹೋಯಿ ಬಾ. ಗೊತ್ತಿಲ್ದಿದ್ದ್ ಕೇಂಬುಕೆ ನಾಚ್ಕಣ್ಬೇಡ."

ಅಫುರಾದ

ವಿದ್ಯಾರ್ಥಿ ನಿಲಯದಲ್ಲಿ ಜಾಗ ತುಂಬಿತ್ತು. ಹಾಗಾಗಿ ನನಗೆ ಕೋಣೆ ಸಿಕ್ಕಿದ್ದು ನದಿಯ ಆಚೆ ದಡದ ಅಫುರಾದದಲ್ಲಿ. ಪೋರ್ಟೊದಲ್ಲಿ ದೋರು ನದಿ ಕಡಲು ಸೇರುತ್ತದೆ. ಅಳಿವೆಗೆ ಹತ್ತಿರದಲ್ಲೇ ಈ ಮೀನುಗಾರರ ಕೇರಿ. ಬಸ್ಸಿನಿಂದ ಇಳಿದವಳಿಗೆ ಮೊದಲು ಬಡಿದದ್ದು ವಾಸನೆ: ಬಲೆಯದು, ಡೀಸೆಲಿನದು, ಮೀನಿನದು. ಸಾವಿರಾರು ಮೈಲಿ ಹಾರಿ ಬಂದು ನಮ್ಮ ಬಂದರಿನಲ್ಲೇ ಇಳಿದೆನೋ ಎನಿಸಿತು.

ಮನೆಯೊಡತಿ ಲೂರ್ದೆಸ್ ಎಂಬ ಎಪ್ಪತ್ತು ದಾಟಿದ ಹೆಂಗಸು. ಗಟ್ಟಿಮುಟ್ಟು ಆಳು, ದೊಡ್ಡ ದನಿ. ಬಾಗಿಲು ತೆರೆದವಳೇ ನನ್ನ ಎರಡೂ ಕೆನ್ನೆಗೆ ಮುತ್ತಿಕ್ಕಿದಳು. ಮೂಗು ಎಲ್ಲಿಡಬೇಕೆಂದು ತಿಳಿಯದೆ ನನ್ನ ಕನ್ನಡಕ ಅವಳ ಕಿವಿಯ ಓಲೆಗೆ ಸಿಕ್ಕಿಕೊಂಡಿತು. ಇಂಗ್ಲಿಷ್ ಅವಳಿಗೆ ಒಂದಕ್ಷರ ಬಾರದು, ಪೋರ್ಚುಗೀಸ್ ನನಗೆ ಬಾರದು.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದರೆ ಬಿಸಿನೀರಿನ ಕೊಳವೆ ಕೆಟ್ಟಿತ್ತು. ಅವಳು ಒಲೆಯ ಮೇಲೆ ನೀರು ಕಾಯಿಸಿಕೊಟ್ಟಳು, ಆದರೆ ಬೆರೆಸಿಕೊಳ್ಳಲು ಪಾತ್ರೆ ಇರಲಿಲ್ಲ. ನಾನು ಕೈಯಲ್ಲಿ ದುಂಡಗೆ ತೋರಿಸಿದೆ, ಎತ್ತಿ ಸುರಿಯುವಂತೆ ಅಭಿನಯಿಸಿದೆ. ಅವಳು ಒಂದು ಸಲ ಟೋಪಿ ತಂದಳು, ಇನ್ನೊಂದು ಸಲ ಕುಂಬಳಕಾಯಿ. ಸೋತು, ನನಗೆ ನಾನೇ "ಒಂದ್ ಬಾಲ್ದಿ ಕೊಡ್ಲಿಕ್ಕೆ ಇಷ್ಟ್ ಕಷ್ಟವಾ" ಎಂದು ಗೊಣಗಿದೆ. ಲೂರ್ದೆಸ್ ಮುಖ ಅರಳಿತು. "ಬಾಲ್ದ್!" ಎಂದು ಒಳಗೆ ಓಡಿ ಬಾಲ್ದಿ ತಂದಳು.

ಅಲ್ಲಿಂದ ನಮ್ಮಿಬ್ಬರಿಗೂ ಅದೇ ಆಟ. ನಾನು ಮನೆಯ ಒಂದೊಂದು ವಸ್ತು ಮುಟ್ಟಿ ನಮ್ಮೂರ ಹೆಸರು ಹೇಳುವುದು, ಅವಳು ಅವಳದ್ದು ಹೇಳುವುದು. ಮೇಜು ಅವಳಿಗೆ ಮೆಜ. ಚಾವಿ ಶಾವ್. ನಮ್ಮ ಕೊಂಕಣಿ ನೆರೆಯವರು ಕಿಟಕಿಗೆ ಹೇಳುವ ಜನೇಲ್ ಇಲ್ಲಿ ಜನೆಲ. ಬಸ್ರೂರು, ಗಂಗೊಳ್ಳಿಯ ಕಡೆಗೆ ಇವರ ಹಡಗುಗಳು ಬಂದ ಕತೆ ಶಾಲೆಯಲ್ಲಿ ಓದಿದ್ದೆ. ಹಡಗು ಹೋಗಿ, ಕೋಟೆಯ ಕಲ್ಲು ಕರಗಿ, ಬಾಲ್ದಿ ಮಾತ್ರ ನಮ್ಮ ಬಾವಿಕಟ್ಟೆಯಲ್ಲಿ ಉಳಿದುಕೊಂಡಿದೆ.

ನದಿಯಾಚೆಗೆ

ವಿಶ್ವವಿದ್ಯಾಲಯಕ್ಕೆ ಹೋಗಲು ದಿನಾ ಬೆಳಿಗ್ಗೆ ಸಣ್ಣ ದೋಣಿಯಲ್ಲಿ ನದಿ ದಾಟಬೇಕಿತ್ತು. ಹುಡುಗಿಯಾಗಿದ್ದಾಗ ಗಂಗೊಳ್ಳಿಯಿಂದ ದೋಣಿಯಲ್ಲೇ ಕುಂದಾಪುರಕ್ಕೆ ದಾಟಿ ಓದಿದವಳು ನಾನು. ಅಲ್ಲಿ ಜನ ದೋಣಿಯಲ್ಲಿ ಕೂತೊಡನೆ ಇಡೀ ಊರಿನ ಸುದ್ದಿ ಬಿಚ್ಚುತ್ತಾರೆ. ಇಲ್ಲಿಯೂ ಹೆಂಗಸರು ಅದನ್ನೇ ಮಾಡುತ್ತಿದ್ದರು. ವಿದ್ಯಾರ್ಥಿಗಳು ಮಾತ್ರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೀರು ನೋಡುತ್ತಿದ್ದರು.

ನನ್ನ ಗುಂಪಿನಲ್ಲಿ ಇನ್ನಿಬ್ಬರು. ಇನೆಸ್ ಪೋರ್ಟೊದವಳೇ, ಭೌತಶಾಸ್ತ್ರದ ವಿದ್ಯಾರ್ಥಿನಿ, ಗಣಿತವನ್ನು ಕಾಗದದ ಕರವಸ್ತ್ರದ ಮೇಲೆ ಬರೆಯುವವಳು. ಮಾರೆಕ್ ಪೋಲೆಂಡಿನ ಹುಡುಗ. ಅವನ ಬೆರಳು ಕೀಲಿಮಣೆಯ ಮೇಲೆ ಓಡುವ ವೇಗಕ್ಕೆ ನನ್ನ ಕಣ್ಣು ಓಡುತ್ತಿರಲಿಲ್ಲ. ಇಬ್ಬರೂ ನನ್ನ ವಿದ್ಯಾರ್ಥಿಗಳ ವಯಸ್ಸಿನವರು. ಮೊದಲ ದಿನ ಮಾರೆಕ್ ನನ್ನನ್ನು ಅಧ್ಯಾಪಕಿ ಎಂದುಕೊಂಡು ಎದ್ದು ನಿಂತ. ಗುಂಪಿನವಳು ಎಂದು ತಿಳಿದ ಮೇಲೆ ಅವನ ಮುಖ ಸ್ವಲ್ಪ ಸಣ್ಣದಾದದ್ದನ್ನು ನಾನು ನೋಡಿದೆ.

ಮೊದಲ ವಾರ ನನಗೆ ಬಹಳ ಕಷ್ಟವಾಯಿತು. ಸಾಮಾನ್ಯ ಕಂಪ್ಯೂಟರಿನ ಬಿಟ್ ಸೊನ್ನೆ ಅಥವಾ ಒಂದು. ಕ್ಯುಬಿಟ್ ಅಳೆಯುವ ತನಕ ಎರಡರ ಬೆರಕೆಯಾಗಿರಬಲ್ಲದು. ಪುಸ್ತಕದಲ್ಲಿ ಇಷ್ಟನ್ನು ನಾನೂ ಓದಿದ್ದೆ. ಹಾಗಾದರೆ ಅಳೆದಾಗ ಏನೋ ಒಂದು ಬರುತ್ತದೆ ಅಷ್ಟೆ, ಅದರಿಂದ ಲಾಭವೇನು? ಈ ಪ್ರಶ್ನೆಯನ್ನು ಮೂರು ದಿನ ಟಿಪ್ಪಣಿಯ ಅಂಚಿನಲ್ಲಿ ಬರೆದಿಟ್ಟುಕೊಂಡೆ. ನಾಲ್ಕನೆಯ ದಿನ ಕೈ ಎತ್ತಿ ಕೇಳಿಯೇ ಬಿಟ್ಟೆ. ಪ್ರೊಫೆಸರು ಸೀಮೆಸುಣ್ಣ ಕೆಳಗಿಟ್ಟು, ಇದನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ ಎಂದರು. ಆಮೇಲೆ ಒಂದು ಗಂಟೆ ಅದನ್ನೇ ವಿವರಿಸಿದರು. ಪ್ರತಿ ಉತ್ತರಕ್ಕೂ ಒಂದು ಅಲೆಯಂಥ ತೂಕ ಇರುತ್ತದೆ. ಕೆಟ್ಟ ಉತ್ತರಗಳ ಅಲೆಗಳು ಒಂದನ್ನೊಂದು ತಿನ್ನುವಂತೆ, ಒಳ್ಳೆಯವು ಒಂದಕ್ಕೊಂದು ಸೇರಿ ಏಳುವಂತೆ ಪ್ರೋಗ್ರಾಂ ಬರೆಯುವುದೇ ಜಾಣತನ. ಅಳಿವೆಯಲ್ಲಿ ಹೊಳೆ ನೀರೂ ಉಬ್ಬರವೂ ಡಿಕ್ಕಿ ಹೊಡೆಯುವುದನ್ನು ನೋಡಿ ಬೆಳೆದವಳಿಗೆ ಅದು ಥಟ್ಟನೆ ಹೊಳೆಯಿತು. ತರಗತಿ ಮುಗಿದಾಗ ನಾಲ್ಕು ಜನ ಬಂದು, ನಮಗೂ ಅರ್ಥವಾಗಿರಲಿಲ್ಲ ಎಂದು ಮೆಲ್ಲನೆ ಹೇಳಿ ಹೋದರು. ಅವರಲ್ಲಿ ಮಾರೆಕ್ ಒಬ್ಬ.

ಏಳು ಬೋಟು

ಸಮಸ್ಯೆ ಆರಿಸುವ ದಿನ ಬಂತು. ಮಾರೆಕ್ ಹೇಳಿದ್ದೆಲ್ಲ ಪುಸ್ತಕದ್ದು. ಇನೆಸ್ ಹೇಳಿದ್ದು ಮೂರು ವಾರದಲ್ಲಿ ಮುಗಿಯುವಂಥದ್ದಲ್ಲ. ನಾನು ನಮ್ಮ ಬಂದರಿನ ಒಂದು ಸಂಗತಿ ಹೇಳಿದೆ. ಬೋಟುಗಳನ್ನು ಧಕ್ಕೆಯ, ಅಂದರೆ ಬೋಟು ನಿಲ್ಲುವ ಕಟ್ಟೆಯ, ಎರಡು ಬದಿಗೆ ಕಟ್ಟುತ್ತಾರೆ. ಕೆಲವು ಬೋಟುಗಳನ್ನು ಒಂದೇ ಬದಿಗೆ ಕಟ್ಟಿದರೆ ಹಗ್ಗ ಸಿಕ್ಕಿಕೊಳ್ಳುತ್ತದೆ, ಕೆಲವು ಬೋಟಿನವರಿಗೆ ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ. ಆಗದ ಜೋಡಿಗಳು ಆದಷ್ಟು ಬೇರೆ ಬೇರೆ ಬದಿಗೆ ಬರುವಂತೆ ಹಂಚುವುದು ಹೇಗೆ? ಇನೆಸ್ ಹಾರಿ ಎದ್ದಳು. ಕ್ವಾಂಟಂ ಯಂತ್ರಕ್ಕೆ ಕೊಡುವ ಹೆಸರಾಂತ ಲೆಕ್ಕವೇ ಅದು, ಗೆರೆಯಿಂದ ಸೇರಿದ ಚುಕ್ಕಿಗಳು ಆದಷ್ಟು ಬೇರೆ ಬೇರೆ ಕಡೆ ಬರುವಂತೆ ಎರಡು ಪಾಲು ಮಾಡುವುದು. ಒಂದು ಬೋಟಿಗೆ ಒಂದು ಕ್ಯುಬಿಟ್, ಎಡ ಬದಿಯಾದರೆ ಸೊನ್ನೆ, ಬಲ ಬದಿಯಾದರೆ ಒಂದು.

ಅಣ್ಣ ಶೇಖರ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವನು. ಫೋನ್ ಮಾಡಿ, ಏಳು ಬೋಟಿನ ಹೆಸರೂ ಯಾರಿಗೆ ಯಾರು ಆಗುವುದಿಲ್ಲ ಎಂಬುದೂ ಬೇಕು ಎಂದೆ.

"ಅಷ್ಟ್ ದೂರ ಹೋಯಿ ನಮ್ ಬೋಟಿನ ಜಗ್ಳ ಹೇಳ್ತ್ಯಾ ಮಾರಾಯ್ತಿ? ನಿಂಗೆ ಬೇರೆ ಎಂತ ಸಿಕ್ಲಿಲ್ಯಾ?" ಎಂದ ಅವನು. ಆದರೆ ಸಂಜೆಯೊಳಗೆ ಬಂದರಿನ ಎಲ್ಲರ ಹತ್ತಿರ ಕೇಳಿ ಪಟ್ಟಿ ಕಳಿಸಿದ. ಒಂದೊಂದು ಜಗಳಕ್ಕೂ ಕಾರಣ ಬರೆದಿದ್ದ. ಒಂದು ಜೋಡಿಯ ಜಗಳ ಒಂದು ನಾಯಿಯ ವಿಷಯಕ್ಕೆ. ಇನೆಸ್ ಅದನ್ನು ಓದಿಸಿ ಓದಿಸಿ ನಕ್ಕಳು.

ಕೆಟ್ಟ ಮೂರು ದಿನ

ಮೊದಲು ಪರೀಕ್ಷೆಗಾಗಿ ನಾಲ್ಕೇ ಬೋಟನ್ನು ಒಂದು ಚೌಕದಲ್ಲಿ ಇಟ್ಟು, ಅಕ್ಕಪಕ್ಕದವರಿಗೆ ಜಗಳ ಎಂದು ಬರೆದು ಓಡಿಸಿದೆವು. ಯಂತ್ರದ ನಕಲಿನಂತೆ ನಡೆಯುವ ಸಿಮ್ಯುಲೇಟರ್ ನಮ್ಮ ಲ್ಯಾಪ್‌ಟಾಪಿನಲ್ಲೇ ಇತ್ತು. ಉತ್ತರ ಸರಿಯಾಗಿ ಬಂತು. ಮಾರೆಕ್ ಎರಡು ಕೈಯನ್ನೂ ಮೇಲೆತ್ತಿದ. ನಂತರ ಗಂಗೊಳ್ಳಿಯ ಏಳು ಬೋಟು ಹಾಕಿದೆವು. ಬಂದದ್ದು ಕಸ. ಯಾವ ಉತ್ತರವೂ ಎದ್ದು ಕಾಣಲಿಲ್ಲ, ಒಂದೊಂದು ಉತ್ತರ ಎಷ್ಟು ಸಲ ಬಂತೆಂದು ತೋರಿಸುವ ತೆರೆಯ ಮೇಲಿನ ಕಂಬಗಳೆಲ್ಲ ಕತ್ತರಿಸಿದ ಹುಲ್ಲಿನಂತೆ ಒಂದೇ ಎತ್ತರ.

ಪ್ರೋಗ್ರಾಮಿನಲ್ಲಿ ಎರಡು ಕೋನಗಳಿದ್ದವು. ಅವನ್ನು ಸರಿಯಾಗಿ ತಿರುಗಿಸಿದರೆ ಅಲೆಗಳು ಕೂಡುತ್ತವೆ. ಮೂರು ದಿನ ಅವನ್ನೇ ತಿರುಗಿಸಿದೆವು. ಇನೆಸ್ ಕರವಸ್ತ್ರಗಳ ಒಂದು ಕಟ್ಟು ಮುಗಿಸಿದಳು. ಮೂರನೆಯ ದಿನ ಮಾರೆಕ್ ಏಳು ಬೋಟನ್ನು ಬಿಟ್ಟುಬಿಡೋಣ, ನಾಲ್ಕು ಬೋಟಿನ ಚೌಕವನ್ನೇ ತೋರಿಸೋಣ, ಪಾಸಾಗಲು ಅಷ್ಟು ಸಾಕು ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೂ ಪಾಸಾಗಬೇಕಿತ್ತು, ಅವನಿಗಿಂತ ಹೆಚ್ಚು. ಆದರೆ ನಾಲ್ಕು ಬೋಟಿನ ಉತ್ತರವನ್ನು ಚಿಕ್ಕ ಮಗು ಕೂಡ ಬೆರಳಿನಲ್ಲಿ ಹೇಳುತ್ತದೆ. ಅದನ್ನು ಹಿಡಿದುಕೊಂಡು ತರಗತಿಯಲ್ಲಿ ನಿಂತರೆ ನನ್ನ ಮಕ್ಕಳು ಕೇಳುವ ಮೊದಲ ಪ್ರಶ್ನೆಗೇ ನಾನು ಬೀಳುತ್ತೇನೆ. ಒಂದು ದಿನ ಕೊಡಿ ಎಂದೆ.

ಅದೇ ದಿನ ನೆಗಡಿ ಹಿಡಿಯಿತು. ಮೂಗು ಕಟ್ಟಿ ಮನೆಗೆ ಬಂದವಳನ್ನು ಲೂರ್ದೆಸ್ ಮಂಚಕ್ಕೆ ಅಟ್ಟಿ ಒಂದು ಬಟ್ಟಲು ತಂದಿಟ್ಟಳು. ಅಕ್ಕಿ ಹಾಕಿ ಬೇಯಿಸಿದ ತಿಳಿ, ಕೋಳಿಯ ಚೂರು. ಏನಿದು ಎಂದು ಕೈಯಾಡಿಸಿದೆ. "ಕಾಂಜ" ಎಂದಳು. ಗಂಜಿ! ನಮ್ಮಲ್ಲಿಂದ ಇವರ ಹಡಗು ಹತ್ತಿ ಬಂದದ್ದೂ ಇದೆ ಹಾಗಾದರೆ. ಎರಡು ಬಟ್ಟಲು ಕುಡಿದೆ.

ಕುಡಿದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಕಂಬಗಳಲ್ಲಿ ಉಳಿದವಕ್ಕಿಂತ ಕೂದಲೆಳೆಯಷ್ಟು ಉದ್ದ ಇದ್ದ ಒಂದನ್ನು ಆರಿಸಿ, ಯಾವ ಬೋಟು ಯಾವ ಬದಿ ಎಂದು ಓದಿ ಹೇಳಿದೆ. ಅಣ್ಣ ಒಂದೊಂದೇ ಹೆಸರನ್ನು ತಾನೂ ಹೇಳಿಕೊಂಡು ನೋಡಿದ.

"ಹಾಂಗ್ ಕಟ್ರೆ ಬೆಳ್ಗಾತ ಹೊಡ್ದಾಟವೇ ಸೈ. ನೀನ್ ಯಾವ್ ಬದಿಂದ ಎಣ್ಸದ್? ಅಳಿವೆ ಬದಿಂದ್ಲಾ, ಐಸ್ ಪ್ಲಾಂಟ್ ಬದಿಂದ್ಲಾ?"

ಅಳಿವೆ ಬದಿಯಿಂದ, ನೀನು ಬರೆದ ಹಾಗೆಯೇ ಎಂದೆ. ಹೇಳಿದ ಮೇಲೆ ಎದ್ದು ಕೂತೆ. ನಾನು ಎಣಿಸಿದ್ದು ಅಳಿವೆ ಬದಿಯಿಂದ ಸರಿ, ಯಂತ್ರ ಎಣಿಸಿದ್ದು ಯಾವ ಬದಿಯಿಂದ?

ನನ್ನ ವಿದ್ಯಾರ್ಥಿಗಳಿಗೆ ಹದಿನೆಂಟು ವರ್ಷದಿಂದ ಹೇಳುತ್ತ ಬಂದದ್ದನ್ನು ನಾನೇ ಮಾಡಿರಲಿಲ್ಲ: ದೊಡ್ಡದು ಕೆಟ್ಟರೆ ಅತಿ ಚಿಕ್ಕದನ್ನು ಓಡಿಸಿ ನೋಡು. ಏಳು ಕ್ಯುಬಿಟ್‌ಗಳಲ್ಲಿ ಮೊದಲನೆಯದನ್ನು ಮಾತ್ರ ಒಂದು ಮಾಡಿ, ಉಳಿದವನ್ನು ಸೊನ್ನೆಯಲ್ಲೇ ಬಿಟ್ಟು ಓಡಿಸಿದೆ. ಒಂದು ಎಡತುದಿಯಲ್ಲಿ ಬರಬೇಕು ಎಂದುಕೊಂಡಿದ್ದೆ. ಬಂದದ್ದು ಬಲತುದಿಯಲ್ಲಿ. ಯಂತ್ರ ಮೊದಲನೆಯದನ್ನು ಕೊನೆಗೆ ಬರೆಯುತ್ತಿತ್ತು, ನಾವು ಇಡೀ ಸಾಲನ್ನು ತಿರುಗುಮುರುಗಾಗಿ ಓದಿ, ಆ ತಪ್ಪು ಓದಿನ ಮೇಲೆ ಕೋನ ತಿರುಗಿಸುತ್ತಿದ್ದೆವು. ಚೌಕದ ನಾಲ್ಕು ಬೋಟನ್ನು ಯಾವ ತುದಿಯಿಂದ ಓದಿದರೂ ಒಂದೇ, ಅದಕ್ಕೇ ಅಲ್ಲಿ ತಪ್ಪು ಕಾಣಲಿಲ್ಲ.

ಒಂದು ಸಾಲು ಬದಲಿಸಿ, ಕೋನಗಳನ್ನು ಮತ್ತೆ ಹೊಂದಿಸಿದೆ. ಎರಡು ಕಂಬ ತೆಂಗಿನ ಮರದ ಹಾಗೆ ಎದ್ದು ನಿಂತವು. ಒಂದರ ಎಡ ಇನ್ನೊಂದರ ಬಲ, ಅಷ್ಟೇ ವ್ಯತ್ಯಾಸ. ಹಂಚಿಕೆ ಒಂದೇ. ಅಣ್ಣನಿಗೆ ಓದಿ ಹೇಳಿದೆ.

"ಈಗ್ ಸಮ ಆಯ್ತ್," ಎಂದ. "ನಾಯಿ ಜಗ್ಳದವ್ರ್ ಸುದಾ ಬೇರೆ ಬೇರೆ ಬದಿಗ್ ಬಂದ್ರ್."

ಮೂಗು ಕಟ್ಟಿದ್ದರೂ ನಾನು ಅಡಿಗೆಮನೆಗೆ ಹೋಗಿ ಲೂರ್ದೆಸಳನ್ನು ಅಪ್ಪಿಕೊಂಡೆ. ಯಾಕೆಂದು ಅವಳಿಗೆ ಗೊತ್ತಾಗಲಿಲ್ಲ. ಇನ್ನೊಂದು ಬಟ್ಟಲು ಗಂಜಿ ಬಡಿಸಿದಳು.

ಕೊನೆಯ ಶುಕ್ರವಾರ

ಮರುದಿನ ದೋಣಿ ಇಳಿಯುವಾಗಲೇ ಮಾರೆಕ್ ದಡದಲ್ಲಿ ಕಾಯುತ್ತಿದ್ದ. ನಾನು ರಾತ್ರಿಯೇ ಕಳಿಸಿದ್ದ ಸಾಲನ್ನು ಅವನು ನೋಡಿದ್ದ. ಇದನ್ನು ನಾನು ಎರಡು ವರ್ಷದ ಹಿಂದೆಯೇ ಕಲಿತಿದ್ದೆ, ಮರೆತಿದ್ದೆ ಎಂದು ತಲೆ ತಗ್ಗಿಸಿದ. ಚೌಕ ತೋರಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ನಿಜವಾದ ಯಂತ್ರದ ತೊಂದರೆ ಬೇರೆ. ಅದರಲ್ಲಿ ಗದ್ದಲ ಹೆಚ್ಚು, ಪ್ರೋಗ್ರಾಂ ಉದ್ದವಾದಷ್ಟೂ ಉತ್ತರ ಅಳಿಸಿಹೋಗುತ್ತದೆ. ಅಕ್ಕಪಕ್ಕದ ಕ್ಯುಬಿಟ್‌ಗಳು ಮಾತ್ರ ನೇರವಾಗಿ ಮಾತಾಡಬಲ್ಲವು. ಇಲ್ಲಿ ಮಾರೆಕ್ ತನ್ನ ಕೈಚಳಕ ತೋರಿಸಿದ. ಜಗಳವಿರುವ ಬೋಟುಗಳು ಆದಷ್ಟು ಯಂತ್ರದಲ್ಲಿ ಪಕ್ಕಪಕ್ಕದಲ್ಲೇ ಬರುವಂತೆ ಹೊಂದಿಸಿ, ಪ್ರೋಗ್ರಾಮನ್ನು ಅರ್ಧಕ್ಕಿಳಿಸಿದ. ಇನೆಸ್ ಕೋನಗಳನ್ನು ಮತ್ತೆ ಲೆಕ್ಕ ಹಾಕಿದಳು. ವಿವರಿಸುವ ಕೆಲಸ ನನ್ನದೆಂದು ಇಬ್ಬರೂ ಒಟ್ಟಿಗೆ ತೀರ್ಮಾನಿಸಿದರು.

ಕೊನೆಯ ದಿನ, ಶುಕ್ರವಾರ, ಪ್ರತಿ ಗುಂಪಿಗೂ ಇಪ್ಪತ್ತು ನಿಮಿಷ. ನಮ್ಮ ಸರದಿ ಬಂದಾಗ ಪ್ರೋಗ್ರಾಂ ಕಳಿಸಿದೆವು. ಯಂತ್ರ ಇದ್ದದ್ದು ಬೇರೆ ದೇಶದಲ್ಲಿ. ಅಲ್ಲಿಂದ ಬಂದ ಉತ್ತರ: ಯಂತ್ರವನ್ನು ಹೊಂದಿಸುತ್ತಿದ್ದಾರೆ, ಕಾಯಿರಿ. ಕಾಯುತ್ತ ನಾನು ಮಾತಾಡಿದೆ. ಬಂದರು ಹೇಳಿದೆ, ಧಕ್ಕೆ ಹೇಳಿದೆ, ಏಳು ಬೋಟಿನ ಹೆಸರು ಹೇಳಿದೆ, ನಾಯಿಯ ಜಗಳ ಹೇಳಿದೆ. ಸಭೆ ನಕ್ಕಿತು. ಹತ್ತು ನಿಮಿಷವಾಯಿತು. ಹನ್ನೆರಡಾಯಿತು. ಹೇಳಲು ಏನೂ ಉಳಿಯದಾದಾಗ, ನಮ್ಮ ತಿರುಗುಮುರುಗು ಓದಿನ ತಪ್ಪನ್ನೂ ಬಿಚ್ಚಿಟ್ಟೆ, ಅಣ್ಣ ಕೇಳಿದ ಪ್ರಶ್ನೆಯ ಸಮೇತ. ಮುಂದಿನ ಸಾಲಿನಲ್ಲಿ ಇನ್ನೊಂದು ಗುಂಪಿನವರು ಒಬ್ಬರನ್ನೊಬ್ಬರು ನೋಡಿ ಗಡಿಬಿಡಿಯಿಂದ ತಮ್ಮ ಲ್ಯಾಪ್‌ಟಾಪ್ ತೆರೆದರು.

ಹದಿನಾರನೆಯ ನಿಮಿಷಕ್ಕೆ ಯಂತ್ರ ಸಿದ್ಧವಾಯಿತು. ನಾಲ್ಕು ಸಾವಿರ ಸಲ ಓಡಿದ ಪ್ರೋಗ್ರಾಮಿನ ಫಲ ತೆರೆಯ ಮೇಲೆ ಮೂಡಿತು. ಸಿಮ್ಯುಲೇಟರಿನಲ್ಲಿ ಇದ್ದಷ್ಟು ಎತ್ತರವಿಲ್ಲ, ಸುತ್ತ ಗದ್ದಲದ ಪುಟ್ಟ ಕಂಬಗಳು ನೂರಕ್ಕೂ ಹೆಚ್ಚು. ಆದರೆ ಎಲ್ಲಕ್ಕಿಂತ ಮೇಲೆ ಎರಡು, ಅವೇ ಎರಡು. ಇನೆಸ್ ನನ್ನ ತೋಳು ಹಿಡಿದುಕೊಂಡ ಗುರುತು ಎರಡು ದಿನ ಇತ್ತು. ಪ್ರೊಫೆಸರು ಎದ್ದು ಬಂದು ಮೂವರ ಕೈಯನ್ನೂ ಕುಲುಕಿ, ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಮೊದಲ ಪಾಠವಾಗಿ ಇದನ್ನೇ ಕೊಡಲು ನಮ್ಮ ಒಪ್ಪಿಗೆ ಕೇಳಿದರು.

ಪ್ರಾಂಶುಪಾಲರಿಗೆ ಪ್ರಮಾಣಪತ್ರದ ಫೋಟೋ ಕಳಿಸಿದೆ. ಸಮಯಪಟ್ಟಿಯಲ್ಲಿ ನಿಮ್ಮ ವಿಷಯ ಮಂಗಳವಾರ, ಗುರುವಾರ ಎಂದು ಉತ್ತರ ಬಂತು. ಅಂದರೆ ಅವರು ಮೊದಲೇ ಹಾಕಿಟ್ಟಿದ್ದರು.

ಬ್ರಹ್ಮಾವರ

ಊರಿಗೆ ಬಂದಾಗ ಮಳೆ ಜೋರಾಗಿತ್ತು. ಹೊಸ ವಿಷಯಕ್ಕೆ ಹದಿನಾಲ್ಕು ಜನ ಸೇರಿದರು. ಬೈಂದೂರಿನಿಂದ ದಿನಾ ಬಸ್ಸಿನಲ್ಲಿ ಬರುವವರು ಇಬ್ಬರು, ಕೆರಾಡಿಯಿಂದ ಎರಡು ಬಸ್ಸು ಬದಲಿಸಿ ಬರುವವನೊಬ್ಬ. ನಾನೂ ಪರೀಕ್ಷೆಗೆ ಬದಲು ಗುಂಪು ಮಾಡಿದೆ, ನಿಮ್ಮ ನಿಮ್ಮ ಊರಿನ ಸಮಸ್ಯೆ ತನ್ನಿ ಎಂದೆ.

ಸಾಲಿಗ್ರಾಮದ ಪ್ರತೀಕ್ಷಾಳ ತಂದೆ ಯಕ್ಷಗಾನದಲ್ಲಿ ಮದ್ದಳೆ ನುಡಿಸುವವರು. ಮಳೆಗಾಲದಲ್ಲಿ ದೊಡ್ಡ ಮೇಳಗಳಿಗೆ ಬಿಡುವು, ಕಲಾವಿದರು ನಾಲ್ಕೈದು ಜನರ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ. ಹತ್ತು ಜನರನ್ನು ಎರಡು ಚಿಕ್ಕಮೇಳಕ್ಕೆ ಹಂಚಬೇಕು. ಇಬ್ಬರು ಭಾಗವತರು ಒಂದೇ ಕಡೆ ಆಗಬಾರದು, ಇಬ್ಬರು ಸ್ತ್ರೀವೇಷದವರು ಒಂದೇ ಕಡೆ ಆಗಬಾರದು. ಅವಳ ಗುಂಪು ಅದನ್ನೇ ಹಿಡಿಯಿತು. ಹೀಗೆ ಒಂದೇ ಕಡೆ ಆಗದ ಜೋಡಿಗಳು ಒಟ್ಟು ಒಂಬತ್ತು.

ಆಗಸ್ಟಿನ ಒಂದು ಗುರುವಾರ ಇನೆಸ್ ಮತ್ತು ಮಾರೆಕ್ ವಿಡಿಯೋ ಕರೆಯಲ್ಲಿ ತರಗತಿಗೆ ಬಂದರು. ಮಾರೆಕ್ ನಮ್ಮ ಪ್ರೋಗ್ರಾಮನ್ನು ಯಾವ ಸಮಸ್ಯೆಗಾದರೂ ಹೊಂದುವಂತೆ ತಿದ್ದಿ, ಅಚ್ಚುಕಟ್ಟಾಗಿ ಬರೆದು ಕಳಿಸಿದ್ದ. ಮಕ್ಕಳೆಲ್ಲ ಅದನ್ನು ಬೆರಗಿನಿಂದ ನೋಡುತ್ತಿದ್ದರು. ಮಾರೆಕ್ ಚಿಕ್ಕಮೇಳದ ಪಟ್ಟಿ ಹಾಕಿ ಓಡಿಸಿದ, ಪ್ರತಿ ಜೋಡಿಗೂ ಒಂದು ಗೆರೆ ಇರುವ ಪ್ರೋಗ್ರಾಮಿನ ಚಿತ್ರ ತೆರೆಯ ಮೇಲೆ ಬಂತು. ಕಂಬಗಳು ಮಂಕಾಗಿ ಬಂದವು. ಕೋನ ಸ್ವಲ್ಪ ತಿರುಗಿಸಬೇಕು ಎಂದು ಅವನು ಹೇಳುತ್ತಿದ್ದ.

ಪ್ರತೀಕ್ಷಾ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಮೇಡಂ, ನಮ್ ಜೋಡಿ ಒಂಬತ್ತೇ ಅಲ್ದಾ? ಅವ್ರ್ ಚಿತ್ರದಗೆ ಹದಿನೆಂಟ್ ಇತ್ತ್. ಹೇಳ್ಲಾ?"

ನಾನು ಎಣಿಸಿದೆ. ಹದಿನೆಂಟೇ. ಪಟ್ಟಿಯಲ್ಲಿ ಅವನಿಗೆ ಇವನು ಆಗದು, ಇವನಿಗೆ ಅವನು ಆಗದು ಎಂದು ಎರಡು ಕಡೆ ಬರೆದದ್ದನ್ನು ಪ್ರೋಗ್ರಾಂ ಎರಡು ಸಲ ಎಣಿಸುತ್ತಿತ್ತು. ಉತ್ತರವನ್ನು ನಾನೇ ಹೇಳಿಬಿಡಬಹುದಿತ್ತು. ಆದರೆ "ನೀನೇ ಹೇಳು" ಎಂದು ಮೈಕನ್ನು ಅವಳ ಕಡೆ ಸರಿಸಿದೆ.

ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು. ಎರಡನೆಯ ವಾಕ್ಯಕ್ಕೆ ದನಿ ಗಟ್ಟಿಯಾಯಿತು. ತೆರೆಯ ಮೇಲೆ ಮಾರೆಕ್ ಮುಂದಕ್ಕೆ ಬಾಗಿ ತನ್ನ ಸಾಲುಗಳನ್ನು ಓದಿದ. ಪಕ್ಕದ ಚೌಕದಲ್ಲಿ ಇನೆಸ್ ಆಗಲೇ ನಗುತ್ತಿದ್ದಳು. ಅವನು ಒಂದು ಸಾಲು ತಿದ್ದಿದ, ಓಡಿಸಿದ. ಕಂಬಗಳು ಎದ್ದವು. ಹಿಂದಿನ ಬೆಂಚಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು.

ಅವಳು ಹೇಳಿದ್ದು ಸರಿ, ಅವಳ ಹೆಸರೇನು ಎಂದು ಮಾರೆಕ್ ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಪ್ರತೀಕ್ಷಾ ಮೈಕಿಗೆ ಬಾಗಿ ತನ್ನ ಹೆಸರು ಹೇಳಿದಳು, ಊರಿನ ಹೆಸರೂ ಹೇಳಿದಳು. ಅವನಿಗೆ ಬರೆದುಕೊಳ್ಳಲು ಸುಲಭವಾಗಲೆಂದು ಎರಡನ್ನೂ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.